ಅಪ್ಪನ ಮೂಗಿನ ತೂತು ಯಾವ ರಿಜಿಸ್ಟರಿನಲ್ಲೂ ಇಲ್ಲ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ, ಹಾಗೂ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ. ನಿಮ್ಮ ಇಲಾಖೆಯ ಹೆಸರು ಇಷ್ಟುದ್ದ ಇದೆ. ಅದರ ಕೊನೆಯಲ್ಲಿ ‘ಸ್ವಾಸ್ಥ್ಯ’ ಅಂತ ಒಂದು ಪದ ಇದೆಯಲ್ಲ, ಈ ಪತ್ರ ಬರೀ ಅದರ ಬಗ್ಗೆ.

ನನ್ನ ಅಪ್ಪ ಮಲಗಿದಾಗ ಮೂಗಿನಿಂದ ಸಿಳ್ಳೆ ಬರುತ್ತದೆ. ಗೊರಕೆ ಅಲ್ಲ, ಸಿಳ್ಳೆ. ಕುಕ್ಕರ್ ಕೂಗುವುದಕ್ಕೆ ಮುಂಚೆ ಸುಯ್ ಅನ್ನುತ್ತದಲ್ಲ, ಹಾಗೆ. ಚಿಕ್ಕವರಿದ್ದಾಗ ನಾನೂ ನನ್ನ ತಂಗಿಯೂ ಅದನ್ನು ಕೇಳಿ ಚಾಪೆಯ ಮೇಲೆ ಉರುಳಾಡಿ ನಗುತ್ತಿದ್ದೆವು. ಅಪ್ಪನೂ ನಗುತ್ತಿದ್ದರು. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇರುತ್ತದೆ. ಅಪ್ಪನಿಗೆ ಆ ಗೋಡೆಯಲ್ಲಿ ತೂತಾಗಿದೆ. ಉಸಿರಾಡಿದಾಗ ಗಾಳಿ ಅದರೊಳಗೆ ನುಗ್ಗಿ ಕೊಳಲಿನ ಹಾಗೆ ಕೂಗುತ್ತದೆ. ಇದು ನಮಗೆ ಗೊತ್ತಾಗಿದ್ದು ಆಮೇಲೆ, ತುಂಬಾ ವರ್ಷ ಆದಮೇಲೆ.

ಅಪ್ಪ ಕುಣಿಗಲ್ ಕಡೆಯವರು. 1987ರಲ್ಲಿ ಬೆಂಗಳೂರಿನ ಪೀಣ್ಯಕ್ಕೆ ಬಂದು ಕ್ರೋಮ್ ಪ್ಲೇಟಿಂಗ್, ಅಂದರೆ ಲೋಹದ ಪಾರ್ಟುಗಳ ಮೇಲೆ ಹೊಳೆಯುವ ಕ್ರೋಮ್ ಪದರ ಕೂರಿಸುವ ಅಂಗಡಿಗೆ ಸೇರಿದರು. 2008ರವರೆಗೆ, ಮೂರು ಅಂಗಡಿಗಳಲ್ಲಿ, ಒಟ್ಟು 21 ವರ್ಷ ಅದೇ ಕೆಲಸ. ಮೂರೂ ಅಂಗಡಿಗಳ ಹೆಸರು ಇಲ್ಲಿ ಬರೆಯುವುದಿಲ್ಲ. ಎರಡು ಈಗ ಇಲ್ಲವೇ ಇಲ್ಲ. ಮೂರನೆಯದರ ಓನರ್ ಕೂಡ ಅದೇ ಶೆಡ್ಡಿನಲ್ಲಿ ಅದೇ ಗಾಳಿ ಕುಡಿದವರು, ಅವರ ಮೇಲೆ ನನಗೇನೂ ಸೇಡಿಲ್ಲ.

ಪ್ಲೇಟಿಂಗ್ ಅಂಗಡಿ ಒಳಗೆ ನೀವು ಹೋಗಿದ್ದೀರೋ ಇಲ್ಲವೋ ಗೊತ್ತಿಲ್ಲ. ಕಡು ಕಿತ್ತಳೆ ಬಣ್ಣದ ನೀರು ತುಂಬಿದ ಟ್ಯಾಂಕ್. ಒಂದು ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಕ್ ಆಸಿಡ್, ಅದಕ್ಕೆ ಸ್ವಲ್ಪ ಸಲ್ಫ್ಯೂರಿಕ್ ಆಸಿಡ್. 50 ಡಿಗ್ರಿ ಆಸುಪಾಸಿನ ಬಿಸಿ. ಜಿಗ್ಗಿಗೆ ಪಾರ್ಟುಗಳನ್ನು ಸಿಕ್ಕಿಸಿ ಅದರೊಳಗೆ ಇಳಿಬಿಡುತ್ತಾರೆ, ರೆಕ್ಟಿಫೈಯರಿನಿಂದ ಕರೆಂಟ್ ಕೊಡುತ್ತಾರೆ. ತಮಾಷೆ ಏನೆಂದರೆ, ಈ ಹಳೆಯ ಮಾದರಿ ಟ್ಯಾಂಕಿನಲ್ಲಿ ಕೊಟ್ಟ ಕರೆಂಟಿನಲ್ಲಿ ಹೆಚ್ಚೆಂದರೆ ಐದನೇ ಒಂದು ಭಾಗ ಮಾತ್ರ ಕ್ರೋಮ್ ಕೂರಿಸುವುದಕ್ಕೆ ಹೋಗುತ್ತದೆ. ಉಳಿದಿದ್ದೆಲ್ಲ ನೀರನ್ನು ಒಡೆದು ಗುಳ್ಳೆ ಎಬ್ಬಿಸುವುದಕ್ಕೆ. ಕೋಟಿಗಟ್ಟಲೆ ಸಣ್ಣ ಗುಳ್ಳೆಗಳು ಮೇಲೆ ಬಂದು ಒಡೆಯುತ್ತವೆ, ಒಡೆದಾಗ ಒಂದೊಂದೂ ಆಸಿಡ್ಡಿನ ಒಂದಿಷ್ಟು ತುಂತುರನ್ನು ಗಾಳಿಗೆ ಚಿಮ್ಮಿಸುತ್ತದೆ. ಟ್ಯಾಂಕಿನ ಮೇಲೆ ಬಗ್ಗಿ ಜಿಗ್ ಎತ್ತುವವನ ಮುಖ ಸರಿಯಾಗಿ ಅಲ್ಲೇ ಇರುತ್ತದೆ.

ಆ ತುಂತುರಿನಲ್ಲಿ ಇರುವುದೇ ಹೆಕ್ಸಾವೇಲೆಂಟ್ ಕ್ರೋಮಿಯಂ, ಕ್ರೋಮಿಯಂನ ವಿಷಕಾರಿ ರೂಪ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮೊದಲನೇ ಗುಂಪಿಗೆ ಹಾಕಿದೆ. ಅಂದರೆ ‘ಬರಬಹುದೇನೋ’ ಅನ್ನುವ ಅನುಮಾನ ಅಲ್ಲ, ಮನುಷ್ಯರಿಗೆ ಇದರಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಅಂತ ಖಚಿತ. ಮೂಗಿನ ಗೋಡೆ ತೂತಾಗುವುದು ಅದಕ್ಕಿಂತ ಎಷ್ಟೋ ಮೊದಲು, ಕೆಲವು ಸಲ ಕೆಲಸಕ್ಕೆ ಸೇರಿದ ಕೆಲವೇ ತಿಂಗಳಲ್ಲಿ. ಬೆರಳಿನ ಗೆಣ್ಣುಗಳ ಹತ್ತಿರ ಸಣ್ಣ ಗುಂಡನೆಯ ಹುಣ್ಣು ಆಗುತ್ತದೆ, ಅಪ್ಪ ಅದನ್ನು ‘ಕ್ರೋಮ್ ಹೋಲ್’ ಅನ್ನುತ್ತಿದ್ದರು. ಈ ಹುಣ್ಣೂ, ಆ ತೂತೂ ಅಷ್ಟೇನೂ ನೋಯುವುದಿಲ್ಲ. ನೋಯದ ಗಾಯಕ್ಕೆ ನಮ್ಮಲ್ಲಿ ಯಾರು ರಜೆ ಹಾಕಿ ಡಾಕ್ಟರ ಹತ್ತಿರ ಹೋಗುತ್ತಾರೆ, ಹೇಳಿ? ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಾರನೇ ದಿನ ಕೆಲಸಕ್ಕೆ ಹೋಗುತ್ತಾರೆ.

ಅಂಗಡಿಯಲ್ಲಿ ಕೊಡುತ್ತಿದ್ದ ರಕ್ಷಣೆ ಏನು ಗೊತ್ತಾ? ಬೆಲ್ಲ ಮತ್ತು ಬಾಳೆಹಣ್ಣು. ಬೆಲ್ಲ ತಿಂದರೆ ಎದೆಯಲ್ಲಿ ಕೂತ ಹೊಗೆ ಧೂಳೆಲ್ಲ ಇಳಿದು ಹೋಗುತ್ತದೆ ಅಂತ ಎಲ್ಲರೂ ನಂಬಿದ್ದರು. ಈಗಲೂ ಪೀಣ್ಯದಲ್ಲಿ ಕೇಳಿ ನೋಡಿ, ಹೇಳುತ್ತಾರೆ. ಬೆಲ್ಲ ಹೋಗುವುದು ಹೊಟ್ಟೆಗೆ, ಆಸಿಡ್ ಹೋಗುವುದು ಶ್ವಾಸಕೋಶಕ್ಕೆ. ಎರಡೂ ಎಲ್ಲೂ ಭೇಟಿಯಾಗುವುದಿಲ್ಲ. ಇನ್ನು ಮುಖಕ್ಕೆ ಕರ್ಚೀಫು. ಅಮ್ಮ ಆ ಕರ್ಚೀಫನ್ನೂ ಅಪ್ಪನ ಬನಿಯನ್ನನ್ನೂ ನಮ್ಮ ಬಟ್ಟೆ ಜೊತೆಗೇ ನೆನೆಹಾಕುತ್ತಿದ್ದರು, ನೀರು ಹಳದಿಯಾಗುತ್ತಿತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. 2008ರ ಕೊನೆಯಲ್ಲಿ ಗಾಡಿ ಕಂಪನಿಗಳ ಆರ್ಡರ್ ನಿಂತು ಅಂಗಡಿ ಮುಚ್ಚಿತು. ಅಪ್ಪ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿದರು. ಹದಿನೈದು ವರ್ಷ ಏನೂ ಇಲ್ಲ. 2023ರಲ್ಲಿ ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಸ್ಕ್ಯಾನ್ ಮಾಡಿದಾಗ ಬಲಗಡೆ ಶ್ವಾಸಕೋಶದಲ್ಲಿ ಒಂದು ಗಂಟು. ಸದ್ಯಕ್ಕೆ ಅದನ್ನು ನೋಡುತ್ತಾ ಇದ್ದಾರೆ, ಆರಾರು ತಿಂಗಳಿಗೆ ಸ್ಕ್ಯಾನ್. ಇದರ ಮಧ್ಯೆ ಮೂಗು ನೋಡಿದ ಕಿವಿ-ಮೂಗು-ಗಂಟಲಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ‘ನಶ್ಯ ಹಾಕ್ತೀರಾ?’ ಎರಡನೇ ಪ್ರಶ್ನೆ, ‘ಮೂಗಲ್ಲಿ ಬೆರಳು ಹಾಕೋ ಅಭ್ಯಾಸ ಇದೆಯಾ?’ ಮೂರನೇ ಪ್ರಶ್ನೆ ಇರಲಿಲ್ಲ. ಏನು ಕೆಲಸ ಮಾಡುತ್ತಿದ್ದಿರಿ ಅಂತ ಇವತ್ತಿನವರೆಗೆ ಯಾವ ಡಾಕ್ಟರೂ ಅವರಾಗಿಯೇ ಕೇಳಿಲ್ಲ. ಇಟಲಿಯ ಬರ್ನಾರ್ಡಿನೋ ರಾಮಾಜಿನಿ ಎಂಬ ವೈದ್ಯ 1700ರಲ್ಲೇ ಹೇಳಿದ್ದ, ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆ ನಿನ್ನ ಕಸುಬು ಏನು ಅನ್ನುವುದನ್ನೂ ಸೇರಿಸಿ ಅಂತ. ಮುನ್ನೂರು ವರ್ಷ ದಾಟಿತು. ನಮ್ಮ ಓಪಿಡಿ ಚೀಟಿಯಲ್ಲಿ ಹೆಸರು, ವಯಸ್ಸು, ಗಂಡು-ಹೆಣ್ಣು, ಫೋನ್ ನಂಬರ್ ಎಲ್ಲ ಇದೆ. ಕಸುಬಿಗೆ ಒಂದು ಗೆರೆ ಇಲ್ಲ.

ಅಪ್ಪ ಬೀಡಿ ಸೇದುತ್ತಿದ್ದರು. ಸುಳ್ಳು ಹೇಳುವುದಿಲ್ಲ, ದಿನಕ್ಕೆ ಅರ್ಧ ಕಟ್ಟು. ಹಾಗಾಗಿ ಎಲ್ಲರೂ ಗಂಟನ್ನು ಬೀಡಿಯ ಲೆಕ್ಕಕ್ಕೆ ಬರೆದುಬಿಟ್ಟರು. ಇರಬಹುದು. ಬೀಡಿಯೇ ಇರಬಹುದು, ಕ್ರೋಮಿಯಂ ಇರಬಹುದು, ಎರಡೂ ಸೇರಿರಬಹುದು. ಆದರೆ ಮೂಗಿನ ಗೋಡೆ ತೂತಾಗುವುದು ಬೀಡಿಯಿಂದಲ್ಲ ಸ್ವಾಮಿ. ಅಷ್ಟು ಆಸಿಡ್ ಅವರ ಮೂಗಿನೊಳಗೆ ಹೋಗಿತ್ತು ಅನ್ನುವುದಕ್ಕೆ ಆ ತೂತೇ ರಸೀದಿ. ನಮ್ಮ ಹತ್ತಿರ ಇರುವುದು ಆ ಒಂದು ರಸೀದಿ ಮಾತ್ರ. 21 ವರ್ಷದಲ್ಲಿ ಆ ಶೆಡ್ಡುಗಳ ಗಾಳಿಯಲ್ಲಿ ಎಷ್ಟು ಕ್ರೋಮಿಯಂ ಇತ್ತು ಅಂತ ಯಾರಾದರೂ ಅಳೆದಿದ್ದರೆ, ವರ್ಷಕ್ಕೊಂದು ಸಲ ಯಾರಾದರೂ ಮೂಗು ನೋಡಿ ಬರೆದಿಟ್ಟಿದ್ದರೆ, ಇವತ್ತು ಬೀಡಿಯ ಪಾಲೆಷ್ಟು ಟ್ಯಾಂಕಿನ ಪಾಲೆಷ್ಟು ಅಂತ ಒಂದು ಅಂದಾಜಾದರೂ ಸಿಗುತ್ತಿತ್ತು. ಪಿಎಫ್ ದಾಖಲೆಯಲ್ಲಿ ಕೊನೆಯ ಆರು ವರ್ಷ ಮಾತ್ರ ಇದೆ. ಮಸ್ಟರ್ ರೋಲಿನಲ್ಲಿ ಅವರ ಹುದ್ದೆ ‘ಹೆಲ್ಪರ್’. ಹೆಲ್ಪರ್ ಅಂದರೆ ಟ್ಯಾಂಕಿನ ಹತ್ತಿರ ನಿಂತವನೋ, ಗೇಟಿನ ಹತ್ತಿರ ಟೀ ತರುವವನೋ? ಯಾರಿಗೆ ಗೊತ್ತು.

ಕಾನೂನು ಇರಲಿಲ್ಲವಾ? ಇತ್ತು. ಭೋಪಾಲ್ ಅನಿಲ ದುರಂತ ಆದ ಮೇಲೆ, 1987ರಲ್ಲಿ, ಅಂದರೆ ಅಪ್ಪ ಕೆಲಸಕ್ಕೆ ಸೇರಿದ ವರ್ಷವೇ, ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯ ಸೇರಿಸಿದರು. ಅಪಾಯಕಾರಿ ಪ್ರಕ್ರಿಯೆ ನಡೆಯುವ ಕಡೆ ಕೆಲಸಗಾರನ ಆರೋಗ್ಯ ದಾಖಲೆ ಇಡಬೇಕು, ಕೇಳಿದರೆ ಅದನ್ನು ಅವನಿಗೆ ತೋರಿಸಬೇಕು, ಯಾವ ರಾಸಾಯನಿಕದಿಂದ ಏನು ಅಪಾಯ ಅಂತ ಅವನಿಗೆ ಹೇಳಬೇಕು ಅಂತ ಅದರಲ್ಲಿತ್ತು. ಕ್ರೋಮಿಕ್ ಆಸಿಡ್ ಬಳಸುವ ಪ್ಲೇಟಿಂಗ್ ಕೆಲಸ ಅಪಾಯಕಾರಿ ಕೆಲಸಗಳ ಪಟ್ಟಿಯಲ್ಲಿತ್ತು. ಅದೇ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ 29 ಕಾಯಿಲೆಗಳಿದ್ದವು, ಇವು ಕಂಡರೆ ಡಾಕ್ಟರು ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ಬರೆದು ತಿಳಿಸಲೇಬೇಕಿತ್ತು. ಪಟ್ಟಿಯ 10ನೆಯದು ಕ್ರೋಮ್ ಹುಣ್ಣು ಮತ್ತು ಅದರಿಂದಾಗುವ ತೊಂದರೆಗಳು. 27ನೆಯದು ಕೆಲಸದಿಂದ ಬರುವ ಕ್ಯಾನ್ಸರ್. ತಿಳಿಸದ ಡಾಕ್ಟರಿಗೆ ಕಾಯ್ದೆಯಲ್ಲಿದ್ದ ದಂಡ, ಹೆಚ್ಚೆಂದರೆ 1,000 ರೂಪಾಯಿ. ಹೆಲ್ಮೆಟ್ ಇಲ್ಲದೆ ಎರಡು ಸಲ ಸಿಕ್ಕಿಬಿದ್ದರೆ ಅಷ್ಟಾಗುತ್ತದೆ.

ಪರಿಹಾರದ ಕಾನೂನು ಇನ್ನೂ ಚೆನ್ನಾಗಿದೆ. ಅಪ್ಪ ಕೆಲಸ ಬಿಟ್ಟಾಗ ಇದ್ದದ್ದು 1923ರ ಪರಿಹಾರ ಕಾಯ್ದೆ. ಅದರ ಪ್ರಕಾರ ಕೆಲಸ ಬಿಟ್ಟ ಎರಡು ವರ್ಷದೊಳಗೆ ಕಾಯಿಲೆಯ ಲಕ್ಷಣ ಕಾಣಿಸಿಕೊಳ್ಳಬೇಕು. ಎರಡು ವರ್ಷ! ಕ್ರೋಮಿಯಂನ ಶ್ವಾಸಕೋಶ ಕ್ಯಾನ್ಸರ್ ಹದಿನೈದು, ಇಪ್ಪತ್ತು ವರ್ಷ ಆದಮೇಲೂ ಬರುತ್ತದೆ. ಕಲ್ನಾರಿನದು, ಅಂದರೆ ಆಸ್ಬೆಸ್ಟಾಸಿನದು, ಮೂವತ್ತು ನಲವತ್ತು ವರ್ಷ ತಗೊಳ್ಳುತ್ತದೆ. ಕಾನೂನು ಬರೆದವರು ಕೈ ಮುರಿಯುವುದನ್ನು, ಬೆರಳು ಹೋಗುವುದನ್ನು ನೋಡಿ ಬರೆದಿದ್ದಾರೆ, ಅದರ ಹಿಂದೆ ಕಾಯಿಲೆಯನ್ನೂ ಕಟ್ಟಿಬಿಟ್ಟಿದ್ದಾರೆ. ಅಪ್ಪನ ಗಡುವು 2010ಕ್ಕೇ ಮುಗಿದಿತ್ತು. ಇಎಸ್‌ಐ ಕಾರ್ಡ್ ಅಂತೂ ಅಂಗಡಿ ಜೊತೆಗೇ ಹೋಯಿತು.

ನಾನೂ ಪೀಣ್ಯದಲ್ಲೇ ಸಿಎನ್‌ಸಿ ಆಪರೇಟರ್, ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಲೋಹದ ಪಾರ್ಟು ಕಡೆಯುವ ಕೆಲಸ. ಸ್ವಲ್ಪ ದೊಡ್ಡ ಕಂಪನಿ. ನಮ್ಮ ಗೇಟಿನ ಹತ್ತಿರ ಒಂದು ಬೋರ್ಡ್ ಇದೆ, ‘ಅಪಘಾತವಿಲ್ಲದ ದಿನಗಳು’ ಅಂತ, ದಿನಾ ಬೆಳಿಗ್ಗೆ ನಂಬರ್ ಬದಲಿಸುತ್ತಾರೆ. ಇಂಥ ಬೋರ್ಡ್ ನೀವೂ ಉದ್ಘಾಟನೆಗೆ ಹೋದ ಕಡೆಯಲ್ಲೆಲ್ಲ ನೋಡಿರುತ್ತೀರಿ. ಅಪ್ಪನ ಅಂಗಡಿಯಲ್ಲಿ ಆ ಬೋರ್ಡ್ ಹಾಕಿದ್ದರೆ 21 ವರ್ಷವೂ ನಂಬರ್ ಏರುತ್ತಲೇ ಇರುತ್ತಿತ್ತು. ರಾಸಾಯನಿಕ ಆ ನಂಬರನ್ನು ಸೊನ್ನೆಗೆ ಇಳಿಸುವುದೇ ಇಲ್ಲ. ಇನ್ನೊಂದು ಮಾತು. ನಮ್ಮಂಥ ಕಂಪನಿಗಳ ಒಳಗೆ ಪ್ಲೇಟಿಂಗ್ ಇರುವುದಿಲ್ಲ. ಪಾರ್ಟುಗಳನ್ನು ಟೆಂಪೋದಲ್ಲಿ ಹೊರಗೆ ಕಳಿಸುತ್ತಾರೆ, ಜಾಬ್ ವರ್ಕ್. ರೇಟಿಗೆ ಅಂಗಡಿ ಅಂಗಡಿ ಚೌಕಾಸಿ ಮಾಡುತ್ತಾರೆ. ಟ್ಯಾಂಕಿನ ಪಕ್ಕ ಗಾಳಿ ಎಳೆಯುವ ಡಕ್ಟ್ ಹಾಕಿಸಿದ ಅಂಗಡಿಯ ರೇಟು ಜಾಸ್ತಿ ಆಗುತ್ತದೆ, ಹಾಕದವನಿಗೆ ಆರ್ಡರ್ ಸಿಗುತ್ತದೆ. ಹೊಳೆಯುವ ಪಾರ್ಟು ವಾಪಸ್ ಬರುತ್ತದೆ, ಅದರ ಜೊತೆ ನಮ್ಮ ಸುರಕ್ಷತಾ ಪ್ರಮಾಣಪತ್ರವೂ ಹೊಳೆಯುತ್ತದೆ. ಅಪಾಯ ಮಾತ್ರ ಎಂಟು ಜನ ಇರುವ ಶೆಡ್ಡಿನಲ್ಲೇ ಉಳಿಯುತ್ತದೆ.

ಆ ಎಂಟು ಜನರ ವಿಷಯ ಯಾಕೆ ಬಂತು ಅಂದರೆ, 2025ರ ನವೆಂಬರ್ 21ರಿಂದ ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅದರಲ್ಲಿ ಸುರಕ್ಷತೆಯ ಸಂಹಿತೆ ಬಂದು ಕಾರ್ಖಾನೆ ಕಾಯ್ದೆಯ ಜಾಗದಲ್ಲಿ ಕೂತಿತು. ಹಳೆಯ ಕಾಯ್ದೆಯಲ್ಲಿ ಕರೆಂಟ್ ಬಳಸುವ ಕಡೆ 10 ಜನ ಇದ್ದರೆ ಅದು ಕಾರ್ಖಾನೆ. ಹೊಸದರಲ್ಲಿ 20 ಜನ ಬೇಕು. ಅಪ್ಪ ಕೆಲಸ ಮಾಡಿದ ಮೂರು ಅಂಗಡಿಗಳಲ್ಲಿ ಒಂದರಲ್ಲೂ 20 ಜನ ಇರಲಿಲ್ಲ. ಆದರೆ ಅದೇ ಸಂಹಿತೆಯಲ್ಲಿ ಒಂದು ಒಳ್ಳೆಯ ಬಾಗಿಲೂ ಇದೆ. ಕೆಲಸ ಅಪಾಯಕಾರಿಯಾಗಿದ್ದರೆ, ಜೀವಕ್ಕೆ ಕುತ್ತು ತರುವಂಥದ್ದಾಗಿದ್ದರೆ, ಒಬ್ಬನೇ ಕೆಲಸಗಾರ ಇದ್ದರೂ ಅದನ್ನು ಅನ್ವಯಿಸಬಹುದು, ಸರ್ಕಾರ ಅಧಿಸೂಚನೆ ಹೊರಡಿಸಬೇಕು ಅಷ್ಟೇ. ಕ್ರೋಮ್ ಪ್ಲೇಟಿಂಗ್, ಸೀಸದ ಬ್ಯಾಟರಿ ಒಡೆಯುವ ಕೆಲಸ, ದ್ರಾವಕದಲ್ಲಿ ಗ್ರೀಸ್ ತೆಗೆಯುವ ಕೆಲಸ, ಈ ಮೂರಕ್ಕಾದರೂ ಆ ಬಾಗಿಲು ತೆಗೆಸಿ. ನಿಮ್ಮ ಕೈಯಲ್ಲಿ ಇರುವಷ್ಟು ನೀವೇ ಹೊರಡಿಸಿ, ದೆಹಲಿ ಕೈಯಲ್ಲಿ ಇರುವುದಕ್ಕೆ ಅವರಿಗೆ ಬರೆಯಿರಿ.

ಹೊಸ ಸಂಹಿತೆ ಬಂದಾಗ ದೊಡ್ಡದಾಗಿ ಹೇಳಿದ ಇನ್ನೊಂದು ವಿಷಯ, 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಒಳ್ಳೆಯದೇ. ಆದರೆ ಅಪ್ಪ ಟ್ಯಾಂಕಿನ ಮುಂದೆ ನಿಂತಾಗ ಅವರಿಗೆ 25. ನಾವು ಸಿಳ್ಳೆ ಕೇಳಿ ನಗುತ್ತಿದ್ದಾಗ 35 ದಾಟಿರಲಿಲ್ಲ. ಬಿಪಿ, ಶುಗರ್ ನೋಡಿ ‘ಫಿಟ್’ ಅಂತ ಸೀಲ್ ಹೊಡೆಯುವ ತಪಾಸಣೆಯಲ್ಲಿ ಮೂಗಿನ ತೂತು ಸಿಗುವುದಿಲ್ಲ. ಮೂಗಿಗೆ ಟಾರ್ಚ್ ಬಿಡಬೇಕು. ಅರ್ಧ ನಿಮಿಷದ ಕೆಲಸ. ಬ್ಯಾಟರಿಯವರಿಗೆ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಬೇಕು. ಅದನ್ನೂ ಕೆಲಸದಲ್ಲಿರುವಾಗಲೇ ನೋಡಬೇಕು, ಯಾಕೆಂದರೆ ಸೀಸ ರಕ್ತದಿಂದ ಕೆಲವು ತಿಂಗಳಲ್ಲಿ ಇಳಿದು ಮೂಳೆಗೆ ಹೋಗಿ ಕೂರುತ್ತದೆ, ಅಲ್ಲಿ ಹತ್ತಾರು ವರ್ಷ ಇರುತ್ತದೆ, ವಯಸ್ಸಾಗಿ ಮೂಳೆ ಸವೆಯುವಾಗ ಮತ್ತೆ ರಕ್ತಕ್ಕೆ ಬರುತ್ತದೆ. ಕೆಲಸ ಬಿಟ್ಟು ವರ್ಷ ಆದಮೇಲೆ ರಕ್ತ ಪರೀಕ್ಷೆ ಮಾಡಿ ‘ಏನಿಲ್ಲ’ ಅಂದರೆ ಅದು ಪೂರ್ತಿ ನಿಜ ಅಲ್ಲ. ಒಂದೊಂದು ಕೆಲಸಕ್ಕೆ ಒಂದೊಂದು ಪರೀಕ್ಷೆ ಬೇಕು. ಎಲ್ಲರಿಗೂ ಒಂದೇ ಕ್ಯಾಂಪ್ ಹಾಕಿ ಫೋಟೋ ತೆಗೆಸಿಕೊಂಡರೆ ಆಗಲ್ಲ.

ದ್ರಾವಕದ ಮಾತೂ ಬಂತು. ಪಾರ್ಟಿನ ಮೇಲಿನ ಗ್ರೀಸ್ ತೆಗೆಯುವುದಕ್ಕೆ ಬಳಸುವ ಟ್ರೈಕ್ಲೋರೋಎಥಿಲಿನ್, ಎಲ್ಲರೂ ‘ಟ್ರೈಕ್ಲೋರ್’ ಅನ್ನುವುದು, ಅದು ಕಿಡ್ನಿ ಕ್ಯಾನ್ಸರ್ ತರುತ್ತದೆ ಅಂತ 2012ರಲ್ಲಿ ಮೊದಲ ಗುಂಪಿಗೆ ಸೇರಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಅದನ್ನು ನಿಷೇಧಿಸುವ ಆದೇಶ ಹೊರಡಿಸಿತು. ಸಿಹಿ ವಾಸನೆ, ತಲೆ ಹಗುರ ಅನ್ನಿಸುತ್ತದೆ, ಹುಡುಗರಿಗೆ ಇಷ್ಟವೂ ಆಗುತ್ತದೆ. ಗಾರ್ಮೆಂಟ್ಸ್‌ನಲ್ಲಿ ಬಟ್ಟೆಯ ಕಲೆ ತೆಗೆಯುವ ಸ್ಪಾಟಿಂಗ್ ಸೆಕ್ಷನ್ ಇದೆಯಲ್ಲ, ಅಲ್ಲಿ ಗನ್ ಹಿಡಿದು ನಿಲ್ಲುವವರ ಹತ್ತಿರ ಆ ಡಬ್ಬದಲ್ಲಿ ಏನಿದೆ ಅಂತ ಕೇಳಿ. ‘ಕೆಮಿಕಲ್ಲು’ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಅಕ್ಕ ಏಳು ವರ್ಷ ಆ ಕೆಲಸ ಮಾಡಿದರು, ಹೆಸರು ಗೊತ್ತಿಲ್ಲ. ಡಬ್ಬದ ಮೇಲೆ ಇದ್ದಿದ್ದು ಇಂಗ್ಲಿಷ್, ಅದೂ ಅರ್ಧ ಕಿತ್ತುಹೋಗಿತ್ತು. ಕನ್ನಡದಲ್ಲಿ, ಇವತ್ತಿನ ಪೀಣ್ಯಕ್ಕಾದರೆ ಹಿಂದಿಯಲ್ಲೂ ಒಡಿಯಾದಲ್ಲೂ, ಆ ಡಬ್ಬದ ಮೇಲೆ ಹೆಸರು ಮತ್ತು ಎರಡು ಸಾಲು ಬರೆಸುವುದಕ್ಕೆ ಎಷ್ಟು ಖರ್ಚಾಗುತ್ತದೆ?

ಮತ್ತೆ ಆ 12 ಗಂಟೆಯ ವಿಷಯ. 2023ರಲ್ಲಿ ಕರ್ನಾಟಕದಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ಕೆಲಸಕ್ಕೆ ಅವಕಾಶ ಕೊಟ್ಟರು, ವಾರಕ್ಕೆ 48 ಗಂಟೆ ಮೀರಬಾರದು ಅಂತ. ಆಗ ಎಲ್ಲರೂ ಜಗಳ ಆಡಿದ್ದು ಸುಸ್ತು, ಓಟಿ, ಹೆಣ್ಣುಮಕ್ಕಳ ರಾತ್ರಿ ಪಾಳಿ ಇವುಗಳ ಬಗ್ಗೆ. ಒಬ್ಬರೂ ಕೇಳದ ಪ್ರಶ್ನೆ ಒಂದಿದೆ. ಗಾಳಿಯಲ್ಲಿ ಇಷ್ಟು ರಾಸಾಯನಿಕ ಇರಬಹುದು ಅಂತ ಹಾಕಿರುವ ಮಿತಿಗಳು 8 ಗಂಟೆಯ ಲೆಕ್ಕದವು. 8 ಗಂಟೆ ಒಳಗೆ, 16 ಗಂಟೆ ಹೊರಗೆ, ಆ 16 ಗಂಟೆಯಲ್ಲಿ ದೇಹ ಒಂದಷ್ಟನ್ನು ಹೊರಹಾಕುತ್ತದೆ ಅನ್ನುವ ಲೆಕ್ಕ. 12 ಗಂಟೆ ಆದರೆ ಒಳಗೆ ಹೋಗುವುದು ಒಂದೂವರೆ ಪಟ್ಟು, ಹೊರಹಾಕುವುದಕ್ಕೆ ಸಿಗುವ ಸಮಯ 16ರಿಂದ 12ಕ್ಕೆ ಇಳಿಯಿತು. ಮಿತಿಯನ್ನು ಮೊದಲು ಮೂರರಲ್ಲಿ ಎರಡು ಭಾಗಕ್ಕೆ ಇಳಿಸಬೇಕು, ಅದರಲ್ಲಿ ಮತ್ತೆ ಮುಕ್ಕಾಲು. ಗುಣಿಸಿ ನೋಡಿ, ಸರಿಯಾಗಿ ಅರ್ಧ. ಇದು ನನ್ನ ಲೆಕ್ಕ ಅಲ್ಲ, ಕೈಗಾರಿಕಾ ಸ್ವಾಸ್ಥ್ಯದವರು ಉದ್ದದ ಪಾಳಿಗೆ ಬಳಸುವ ಲೆಕ್ಕವೇ ಇದು. ಪಾಳಿ ಉದ್ದ ಮಾಡಿದವರು ಮಿತಿಯನ್ನು ಅರ್ಧ ಮಾಡಿದರಾ? ಟ್ಯಾಂಕಿನ ಕೆಲಸ, ಪೇಂಟ್ ಬೂತು, ದ್ರಾವಕದ ಕೆಲಸ ಇವುಗಳಿಗೆ 8 ಗಂಟೆಯೇ ಇರಲಿ ಅಂತ ಒಂದು ಸಾಲು ಸೇರಿಸಬಹುದು ಅಲ್ವಾ?

ಮಿತಿಯೂ ಎಂಥದ್ದು! ಹಳೆಯ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ನೀರಿನಲ್ಲಿ ಕರಗುವ ಕ್ರೋಮಿಕ್ ಆಸಿಡ್, ಕ್ರೋಮೇಟುಗಳಿಗೆ ಇದ್ದದ್ದು ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ. ಅಮೆರಿಕದವರು 2006ರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂಗೆ 0.005ಕ್ಕೆ ಇಳಿಸಿದರು. ಹತ್ತನೇ ಒಂದು ಭಾಗ. ಕುಣಿಗಲ್‌ನವರ ಶ್ವಾಸಕೋಶ ಅಮೆರಿಕದವರದ್ದಕ್ಕಿಂತ ಹತ್ತು ಪಟ್ಟು ಗಟ್ಟಿ ಅಂತ ಯಾರಾದರೂ ಪರೀಕ್ಷೆ ಮಾಡಿದ್ದಾರೋ ಏನೋ.

ಪೀಣ್ಯದ ಕೊಳವೆ ಬಾವಿಗಳಲ್ಲಿ ಕ್ರೋಮಿಯಂ ಸಿಕ್ಕಾಗ ಪೇಪರಿನಲ್ಲೆಲ್ಲ ಬಂತು. ಬರಲೇಬೇಕು, ಜನ ಕುಡಿಯುವ ನೀರು. ಆದರೆ ಆಗಲೂ ನನಗೆ ಅನ್ನಿಸಿದ್ದು, ಭೂಮಿಯೊಳಗೆ ಅಷ್ಟು ಆಳಕ್ಕೆ ಇಳಿದಿದ್ದು ಮೊದಲು ಒಬ್ಬನ ಮುಖದ ಮುಂದೆಯೇ ಇತ್ತಲ್ಲ, ಅವನ ಸ್ಯಾಂಪಲ್ ಯಾಕೆ ಯಾರೂ ತೆಗೆಯಲಿಲ್ಲ?

ನಾನು ಕೇಳುತ್ತಿರುವುದರಲ್ಲಿ ದೊಡ್ಡದು ಒಂದೇ. ದಾಖಲೆ. ಅದೂ ಹೊಸದಾಗಿ ಕಂಡುಹಿಡಿಯಬೇಕಾದ್ದಲ್ಲ. 1995ರ ಜನವರಿ 27ರಂದು ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನದೇ ಭಾಗ ಅಂತ. ಆಮೇಲೆ ಬರೀ ತತ್ವ ಹೇಳಿ ನಿಲ್ಲಿಸಲಿಲ್ಲ, ಲೆಕ್ಕವನ್ನೂ ಕೊಟ್ಟಿತು. ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸ ಶುರುವಾದಾಗಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಎರಡರಲ್ಲಿ ಯಾವುದು ಆಮೇಲೆ ಬರುತ್ತದೋ ಅಲ್ಲಿಯವರೆಗೆ ಇಡಬೇಕು. ನೋಡಿ, ಕಾಯಿಲೆ ತಡವಾಗಿ ಬರುತ್ತದೆ ಅನ್ನುವುದು ಆ ನ್ಯಾಯಮೂರ್ತಿಗಳಿಗೆ ಗೊತ್ತಿತ್ತು. ಅದು ಕಲ್ನಾರಿಗೆ ಹೇಳಿದ್ದು. ಅಪ್ಪನ ವಿಷಯದಲ್ಲಿ ಆ ಲೆಕ್ಕ ಹಾಕಿದರೆ ದಾಖಲೆ 2027ರವರೆಗೆ ಇರಬೇಕಿತ್ತು. ಕ್ರೋಮಿಯಂಗೂ ಅದನ್ನೇ ಯಾಕೆ ಅನ್ವಯಿಸಬಾರದು?

ಆದರೆ ದಾಖಲೆ ಓನರ್ ಹತ್ತಿರ ಮಾತ್ರ ಇದ್ದರೆ ಸಾಲದು. ಅಂಗಡಿ ಮುಚ್ಚಿದ ದಿನ ರಿಜಿಸ್ಟರ್‌ಗಳು ಗುಜರಿಗೆ ಹೋಗುತ್ತವೆ. ನಮ್ಮಪ್ಪನದು ಹಾಗೇ ಹೋಯಿತು, ಕೆಜಿ ಲೆಕ್ಕದಲ್ಲಿ. ಆದ್ದರಿಂದ ಅದು ಕೆಲಸಗಾರನ ಕೈಯಲ್ಲಿರಬೇಕು. ಎಲ್ಲವನ್ನೂ ಆಧಾರ್‌ಗೆ ಜೋಡಿಸಿದ್ದೀರಿ, ಪಿಎಫ್‌ಗೆ ಯುಎಎನ್ ನಂಬರ್ ಇದೆ, ಅದು ಕೆಲಸ ಬದಲಾದರೂ ಬದಲಾಗುವುದಿಲ್ಲ. ಅದರ ಪಕ್ಕ ಒಂದು ಪುಟ ಸೇರಿಸಿ. ಯಾವ ವರ್ಷದಿಂದ ಯಾವ ವರ್ಷ, ಯಾವ ಸೆಕ್ಷನ್, ಯಾವ ರಾಸಾಯನಿಕ, ಗಾಳಿ ಅಳೆದಾಗ ಎಷ್ಟಿತ್ತು, ಮೂಗು, ರಕ್ತ, ಎದೆ ನೋಡಿದಾಗ ಏನು ಕಂಡಿತು. ಬಡ್ಡಿ ಎಷ್ಟಾಯಿತು ಅಂತ ತೋರಿಸುವ ಕಂಪ್ಯೂಟರಿಗೆ ಇದೇನು ಭಾರ ಅಲ್ಲ. ಬೇಡ, ಕಂಪ್ಯೂಟರ್ ಕಷ್ಟ ಅಂದರೆ ತಾಯಿ ಕಾರ್ಡ್ ತರ ಒಂದು ಹಳದಿ ಪುಸ್ತಕ ಕೊಡಿ. ನಮ್ಮ ಹೆಂಗಸರು ಮಕ್ಕಳ ಲಸಿಕೆ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಪ್ಪತ್ತು ವರ್ಷ ಇಡುತ್ತಾರೆ. ಇದನ್ನೂ ಇಡುತ್ತಾರೆ.

ಮತ್ತೆ ಆ ಎರಡು ವರ್ಷದ ಗಡುವು. ಅದನ್ನು ತಿದ್ದುವುದು ದೆಹಲಿಯ ಕೆಲಸ ಅಂತ ನೀವು ಹೇಳುತ್ತೀರಿ, ಗೊತ್ತು. ಆದರೂ ರಾಜ್ಯ ಸರ್ಕಾರ ಬರೆಯಬಹುದು, ಕೇಳಬಹುದು, ಬೇರೆ ಎಷ್ಟೋ ವಿಷಯಕ್ಕೆ ಕೇಳುತ್ತೀರಲ್ಲ.

ನೀವು ಚಿಪ್ ಫ್ಯಾಕ್ಟರಿ, ಬ್ಯಾಟರಿ ಫ್ಯಾಕ್ಟರಿ, ಮೊಬೈಲ್ ಫ್ಯಾಕ್ಟರಿ ಎಲ್ಲ ಕರ್ನಾಟಕಕ್ಕೆ ಬರಲಿ ಅಂತ ಕರೆಯುತ್ತಿದ್ದೀರಿ. ಬರಲಿ, ನಮ್ಮ ಹುಡುಗರಿಗೂ ಕೆಲಸ ಬೇಕು. ಬರುವ ಮುಂಚೆ ಕೊರಿಯಾದ ಒಂದು ಕಥೆ ಓದಿ. ಹ್ವಾಂಗ್ ಯು-ಮಿ ಅಂತ ಒಬ್ಬ ಹುಡುಗಿ, ಸ್ಯಾಮ್‌ಸಂಗ್‌ನ ಸೆಮಿಕಂಡಕ್ಟರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು, 2007ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು. ಅವಳ ಅಪ್ಪ ಟ್ಯಾಕ್ಸಿ ಓಡಿಸುವವರು. ಕೆಲಸದಿಂದಲೇ ಬಂದ ಕಾಯಿಲೆ ಅಂತ ಕೋರ್ಟು ಮೊದಲ ಸಲ ಒಪ್ಪಿದ್ದು 2011ರಲ್ಲಿ. ಕಂಪನಿ ಕ್ಷಮೆ ಕೇಳಿ ಪರಿಹಾರಕ್ಕೆ ಒಪ್ಪಿದ್ದು 2018ರಲ್ಲಿ. ಹನ್ನೊಂದು ವರ್ಷ ಆ ಮನುಷ್ಯ ಸುತ್ತಿದ್ದಾರೆ. ಅಷ್ಟು ದೂರ ಬೇಡ, ಪಕ್ಕದ ಕೊಡೈಕನಾಲ್‌ನ ಥರ್ಮಾಮೀಟರ್ ಕಾರ್ಖಾನೆ ಪಾದರಸದ ಗಲಾಟೆಯಲ್ಲಿ 2001ರಲ್ಲಿ ಮುಚ್ಚಿತು, 591 ಮಾಜಿ ಕಾರ್ಮಿಕರ ಜೊತೆ ಹಿಂದೂಸ್ತಾನ್ ಯೂನಿಲಿವರ್ ಒಪ್ಪಂದಕ್ಕೆ ಬಂದಿದ್ದು 2016ರಲ್ಲಿ. ಅಲ್ಲಾದರೂ ಕೇಳುವುದಕ್ಕೆ ಒಂದು ದೊಡ್ಡ ಕಂಪನಿ ಉಳಿದಿತ್ತು. ನಮ್ಮಪ್ಪನ ಅಂಗಡಿ ಇದ್ದ ಜಾಗದಲ್ಲಿ ಈಗ ಪಾರ್ಸೆಲ್ ಗೋಡೌನ್ ಇದೆ. ಯಾರನ್ನು ಕೇಳಲಿ?

ಒಂದು ಕೆಲಸ ಮಾಡಿ. ಒಂದು ವಾರ, ಒಬ್ಬ ಕಿವಿ-ಮೂಗು-ಗಂಟಲಿನ ಡಾಕ್ಟರನ್ನೂ ಒಂದು ಟಾರ್ಚನ್ನೂ ಪೀಣ್ಯ ಎರಡನೇ ಹಂತಕ್ಕೆ ಕಳಿಸಿ. ಇನ್‌ಸ್ಪೆಕ್ಟರ್ ಜೊತೆಗೆ ಬೇಡ, ಅವರನ್ನು ಕಂಡರೆ ಶಟರ್ ಇಳಿಯುತ್ತದೆ. ಸಂಜೆ ಪಾಳಿ ಬಿಡುವ ಹೊತ್ತಿಗೆ ಟೀ ಅಂಗಡಿ ಹತ್ತಿರ ನಿಲ್ಲಲಿ. ಪ್ಲೇಟಿಂಗ್‌ನವರು ಯಾರು ಅಂತ ಕೇಳಬೇಕಾಗಿಲ್ಲ, ಬೆರಳಿನ ಬಣ್ಣ ನೋಡಿದರೆ ಗೊತ್ತಾಗುತ್ತದೆ. ಎಷ್ಟು ತೂತು ಸಿಕ್ಕಿತು ಅಂತ ಒಂದು ಕಾಗದದಲ್ಲಿ ಬರೆದುಕೊಳ್ಳಲಿ. ಆ ನಂಬರ್ ಇಟ್ಟುಕೊಂಡು ಆಮೇಲೆ ಮಾತಾಡೋಣ. ಜಾಗ ತೋರಿಸುವುದಕ್ಕೆ ನಾನು ಬರುತ್ತೇನೆ, ರಜೆ ಹಾಕುತ್ತೇನೆ.

ಅಪ್ಪನಿಗೆ ಮುಂದಿನ ತಿಂಗಳು ಮತ್ತೆ ಸ್ಕ್ಯಾನ್ ಇದೆ. ಚೀಟಿಯಲ್ಲಿ ಕಸುಬಿಗೆ ಜಾಗ ಇರಲಿಲ್ಲ. ಹೆಸರಿನ ಮೇಲೆ ಸ್ವಲ್ಪ ಖಾಲಿ ಇತ್ತು. ಅಲ್ಲಿ ನಾನೇ ಪೆನ್ನಿನಲ್ಲಿ ಬರೆದಿದ್ದೇನೆ: ಕ್ರೋಮ್ ಪ್ಲೇಟಿಂಗ್, 21 ವರ್ಷ.

ಇಂತಿ,
ಪೀಣ್ಯದ ಒಬ್ಬ ಸಿಎನ್‌ಸಿ ಆಪರೇಟರ್